‘ಸಿಗರೇಟ್ ಸೇದ್ತೀರಾ?’ ಎಂದು ಕೇಳಿದರೆ ಸಾಲದು: ತಂಬಾಕು ಬಿಡಿಸುವ ಕೆಲಸದ ಬಗ್ಗೆ ಒಂದು ಟಿಪ್ಪಣಿ

ತಂಬಾಕು ನಿಯಂತ್ರಣ ಅಂದ ಕೂಡಲೇ ಆರೋಗ್ಯ ಕ್ಷೇತ್ರದ ನಾವು ಇಸವಿಗಳನ್ನು ಉರು ಹೊಡೆಯುತ್ತೇವೆ. 2003ರ ಕೋಟ್ಪಾ (ಸಿಗರೇಟ್ ಮತ್ತಿತರ ತಂಬಾಕು ಉತ್ಪನ್ನಗಳ) ಕಾಯ್ದೆ, 2007-08ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ, 2013ರಲ್ಲಿ ಕರ್ನಾಟಕದ ಗುಟ್ಕಾ ನಿಷೇಧ. ಪರೀಕ್ಷೆಗೆ ಇವು ಬೇಕೇ ಬೇಕು. ನನಗೆ ಮಾತ್ರ ವಿಷಯ ಒಳಗಿಳಿದದ್ದು ಗ್ಯಾಟ್ಸ್ ಸಮೀಕ್ಷೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ.

ಗ್ಯಾಟ್ಸ್ ಎಂದರೆ 15 ವರ್ಷ ಮೇಲ್ಪಟ್ಟವರ ತಂಬಾಕು ಬಳಕೆಯ ಸಮೀಕ್ಷೆ, ಮನೆಮನೆಗೆ ಹೋಗಿ ಮಾಡುವಂಥದ್ದು. ಕರ್ನಾಟಕದಲ್ಲಿ ಬಳಸುವವರು 2009-10ರಲ್ಲಿ ಶೇ. 28.2 ಇದ್ದವರು 2016-17ಕ್ಕೆ ಶೇ. 22.8ಕ್ಕೆ ಇಳಿದರು. ಇಳಿಕೆ ಸಣ್ಣದಲ್ಲ. ಈಗ ಅದೇ 2016-17ರ ಇಡೀ ದೇಶದ ಲೆಕ್ಕ ನೋಡಿ: ಸೇದುವವರು ಶೇ. 10.7, ಹೊಗೆರಹಿತ (ಜಗಿಯುವ, ಬಾಯಲ್ಲಿಡುವಂಥ) ತಂಬಾಕು ಬಳಸುವವರು ಶೇ. 21.4. ಅಂದರೆ ಸರಿಯಾಗಿ ಎರಡರಷ್ಟು. ಆದರೆ ಆಸ್ಪತ್ರೆಗೆ ಹೋದಾಗ ‘ಬಿಟ್ಟುಬಿಡಿ’ ಎಂಬ ಸಲಹೆ ಸಿಕ್ಕಿದ್ದು ಸೇದುವವರಲ್ಲಿ ಶೇ. 48.8 ಮಂದಿಗೆ, ಹೊಗೆರಹಿತ ಬಳಸುವವರಲ್ಲಿ ಶೇ. 31.7 ಮಂದಿಗೆ. ಎಲ್ಲಿ ಜನ ಹೆಚ್ಚೋ ಅಲ್ಲೇ ಮಾತು ಕಡಿಮೆ.

ಕಾರಣದ ಒಂದು ಪಾಲು ನಾವು ಕೇಳುವ ಪ್ರಶ್ನೆಯಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ‘ಸಿಗರೇಟ್, ಬೀಡಿ ಇದೆಯಾ?’ ಅಂದರೆ ಎಲೆಅಡಿಕೆ ಹಾಕುವ ಅಜ್ಜಿ ‘ಛೇ, ಇಲ್ಲಪ್ಪ’ ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಎಲೆ, ಸುಣ್ಣ, ಅಡಿಕೆ ಜೊತೆಗಿನ ಹೊಗೆಸೊಪ್ಪು ಅವಳ ಲೆಕ್ಕದಲ್ಲಿ ಚಟವೇ ಅಲ್ಲ. ಹಾಗಾಗಿ ವಸ್ತುವಿನ ಹೆಸರು ಹಿಡಿದೇ ಕೇಳಬೇಕು: ಹೊಗೆಸೊಪ್ಪು ಹಾಕ್ತೀರಾ, ಕಡ್ಡಿಪುಡಿ, ಜರ್ದಾ, ಗುಟ್ಕಾ? ಇವೆಲ್ಲವೂ ಬಾಯಿ ಕ್ಯಾನ್ಸರಿಗೆ ದಾರಿಯೇ. ಅಡಿಕೆಯೊಂದೇ ಸಾಕು ಕ್ಯಾನ್ಸರ್ ತರಲು, ಇದನ್ನು ಮರೆಯಬೇಡಿ.

ತಂಬಾಕು ಬಿಡಿಸಲು ಪಠ್ಯದಲ್ಲಿ ಬರುವ ಐದು ಹೆಜ್ಜೆಗಳ (ಕೇಳು, ಬಿಡಲು ಹೇಳು, ಮನಸ್ಸಿದೆಯೇ ನೋಡು, ನೆರವಾಗು, ಮತ್ತೆ ವಿಚಾರಿಸು) ಮೊದಲನೆಯದೇ ತಪ್ಪಿದರೆ ಉಳಿದ ನಾಲ್ಕಕ್ಕೆ ಅರ್ಥವಿಲ್ಲ.

ನೆರವಿನ ಹೆಜ್ಜೆಯಲ್ಲಿ, ತಂಬಾಕು ಬಿಡುವವರಿಗೆ ಕೊಡುವ ನಿಕೋಟಿನ್ ಗಮ್ ಬಗ್ಗೆ ಒಂದು ಮಾತು. ಇದನ್ನು ಚೂಯಿಂಗ್ ಗಮ್‌ನಂತೆ ಜಗಿದು ನುಂಗಿದರೆ ಬಿಕ್ಕಳಿಕೆ, ಹೊಟ್ಟೆಯುರಿ ಬರಬಹುದು. ಆಗ ರೋಗಿ ಎರಡೇ ದಿನಕ್ಕೆ ಎಸೆದುಬಿಡುತ್ತಾನೆ. ನಿಧಾನ ಜಗಿದು, ಖಾರ ತಗುಲಿದಾಗ ಕೆನ್ನೆ ಒಸಡಿನ ನಡುವೆ ಇಟ್ಟುಕೊಳ್ಳಬೇಕು. ನಿಕೋಟಿನ್ ಮೈಗೆ ಸೇರುವುದು ಅಲ್ಲಿಂದಲೇ. ಕಾಫಿ ಕುಡಿದ ಕೂಡಲೇ ಬೇಡ, ಆಮ್ಲ ಅದನ್ನು ತಡೆಯುತ್ತದೆ.

ಇನ್ನು ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ನೆರವಾಗುವ ಫೋನ್ ಸೇವೆ: 1800-11-2356, ಉಚಿತ ಕರೆ. 2018ರಿಂದ ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಇಂಥ ಕೆಲಸಕ್ಕೆ ಹಣವೂ ಸಿಬ್ಬಂದಿಯೂ ಇನ್ನಷ್ಟು ಸಿಗಬೇಕು ಎಂದು ಮನಸಾರೆ ಬಯಸುವವಳು ನಾನು. ಆದರೆ ಸಂತೆಯಲ್ಲಿ ಬಿಡಿಯಾಗಿ ಮಾರುವ ಹೊಗೆಸೊಪ್ಪಿಗೆ ಪೊಟ್ಟಣವೇ ಇಲ್ಲ. ಎಚ್ಚರಿಕೆಯ ಚಿತ್ರವೂ ಇಲ್ಲ, ನಂಬರೂ ಇಲ್ಲ. ಅದನ್ನು ಕೊಳ್ಳುವ ಅಜ್ಜಿಗೆ ಎಚ್ಚರಿಕೆ ತಲುಪುವುದಿದ್ದರೆ ಬಿಪಿ ನೋಡುತ್ತಾ ಕೂತ ನಮ್ಮ ಬಾಯಿಂದಲೇ ತಲುಪಬೇಕು.