ಎತ್ತರ ಬಿಡಿ, ಬೂಟಿನ ಉದ್ದ ಹೇಳಿ

ಚಳಿಗಾಲ ಹತ್ತಿರ ಬಂದಂತೆ ಮ್ಯೂನಿಕ್, ಜ್ಯೂರಿಕ್‌ಗಳಲ್ಲಿ ನೆಲೆಸಿರುವ ನಮ್ಮವರೂ, ರಜೆ ಹಾಕಿ ಬೆಂಗಳೂರಿನಿಂದ ಆಲ್ಪ್ಸ್‌ಗೆ ಹೊರಟವರೂ ಸ್ನೋಬೋರ್ಡಿನ, ಅಂದರೆ ಎರಡೂ ಕಾಲು ಬಿಗಿದು ಹಿಮದ ಮೇಲೆ ಜಾರುವ ಹಲಗೆಯ ಬಗ್ಗೆ, ಕೇಳುವುದು ಒಂದೇ ಪ್ರಶ್ನೆ: “ಸರ್, ನನ್ನ ಎತ್ತರ ಐದು ಅಡಿ ಒಂಬತ್ತಿಂಚು. ಕಾರ್ವಿಂಗ್ ಮಾಡಬೇಕು ಅಂತ ಆಸೆ. ಎಷ್ಟು ಉದ್ದದ ಬೋರ್ಡ್ ತಗೊಳ್ಳಲಿ?” ನಾನು ತಿರುಗಿ ಕೇಳುವುದು ಬೂಟಿನ ಉದ್ದ. ಒಳಗಿನ ಸೈಜಲ್ಲ, ಹೊರಗಿನ ಉದ್ದ, ತುದಿಯಿಂದ ತುದಿಗೆ, ಸೆಂಟಿಮೀಟರಿನಲ್ಲಿ. ಬಹುತೇಕರು ಅದನ್ನು ಅಳೆದೇ ಇರುವುದಿಲ್ಲ. ಅಂಗಡಿಯ ಗೋಡೆಯ ಮೇಲೆ ಎತ್ತರಕ್ಕೂ ಬೋರ್ಡಿನ ಉದ್ದಕ್ಕೂ ಗಂಟು ಹಾಕಿದ ಪಟ್ಟಿ ಇರುತ್ತದೆ, ಬೂಟಿನದು ಇರುವುದಿಲ್ಲ. ಆ ಪಟ್ಟಿಯನ್ನು ದಯವಿಟ್ಟು ಮರೆತುಬಿಡಿ. ಬೋರ್ಡಿಗೆ ಗೊತ್ತಾಗುವುದು ನಿಮ್ಮ ತೂಕ, ಎತ್ತರವಲ್ಲ. ಅದರ ಉದ್ದವನ್ನು ತೂಕ ನೋಡಿ ಆರಿಸಬೇಕು. ಅಗಲವನ್ನು ಆರಿಸುವುದು ಬೂಟು ನೋಡಿ. ಕಾರ್ವಿಂಗ್ ಮಾಡುವವರಿಗೆ ಕೈಕೊಡುವುದು ಹೆಚ್ಚಾಗಿ ಅಗಲವೇ.

ಬೋರ್ಡನ್ನು ಅಡ್ಡ ತಿರುಗಿಸಿ ಹಿಮ ಕೆರೆಯುತ್ತ ಇಳಿಯುವುದು ಕಾರ್ವಿಂಗ್ ಅಲ್ಲ. ಬೋರ್ಡನ್ನು ಅಂಚಿನ ಮೇಲೆ ನಿಲ್ಲಿಸಿದಾಗ ಅದರ ಪಕ್ಕದ ಕಮಾನೇ ತಿರುವನ್ನು ಎಳೆಯಬೇಕು, ಹಿಂದೆ ಪೆನ್ಸಿಲ್ ಗೀರಿನಂಥ ಸಣ್ಣ ಗೀಟು ಮಾತ್ರ ಉಳಿಯಬೇಕು. ಬೋರ್ಡ್ ಎಷ್ಟು ವಾಲುತ್ತದೋ ತಿರುವು ಅಷ್ಟು ಬಿಗಿಯಾಗುತ್ತದೆ. ಸ್ಥೂಲ ಲೆಕ್ಕ ಹೀಗೆ: ಬೋರ್ಡಿನ ಮೇಲೆ ಬರೆದಿರುವ ಕಮಾನಿನ ತ್ರಿಜ್ಯವನ್ನು ವಾಲಿಕೆಯ ಕೋನದ ಕೊಸೈನ್‌ನಿಂದ ಗುಣಿಸಿ. 11 ಮೀಟರ್ ತ್ರಿಜ್ಯದ ಬೋರ್ಡ್ 60 ಡಿಗ್ರಿ ವಾಲಿದರೆ ಸುಮಾರು 5.5 ಮೀಟರ್ ತ್ರಿಜ್ಯದ ತಿರುವು. 40 ಡಿಗ್ರಿಗೆ ನಿಂತುಬಿಟ್ಟರೆ 8.4 ಮೀಟರ್. ಅಂದರೆ ಇಡೀ ಆಟ ವಾಲಿಕೆಯ ಮೇಲೆ ನಿಂತಿದೆ. ಆ ವಾಲಿಕೆಗೆ ಅಡ್ಡ ಬರುವುದು ಬೋರ್ಡಿನ ಅಂಚನ್ನು ದಾಟಿ ಹೊರಗೆ ಚಾಚಿಕೊಂಡ ಬೂಟಿನ ತುದಿ ಅಥವಾ ಹಿಮ್ಮಡಿ. ವೇಗದ ತಿರುವಿನಲ್ಲಿ ಸೈಕಲ್ಲಿನ ಪೆಡಲ್ ನೆಲಕ್ಕೆ ತಾಗಿದರೆ ಹಿಂಚಕ್ರ ಎಗರುವುದಿಲ್ಲವೇ, ಇಲ್ಲಿ ಆಗುವುದೂ ಅದೇ. ಬೂಟು ಹಿಮಕ್ಕೆ ತಾಗಿದ ಕ್ಷಣ ಭಾರವೆಲ್ಲ ಬೂಟಿನ ಮೇಲೆ ಬೀಳುತ್ತದೆ, ಅಂಚು ಹಿಮದಿಂದ ಮೇಲೆದ್ದು ಹಿಡಿತ ಬಿಡುತ್ತದೆ, ಸವಾರ ಸೊಂಟದ ಮೇಲೆ ಜಾರುತ್ತಾನೆ. ಬಂದವರು ಹೇಳುವುದು “ಅಂಚು ಮೊಂಡಾಗಿದೆ, ಹರಿತ ಮಾಡಿಕೊಡಿ” ಅಂತ. ಹರಿತ ಮಾಡಿ ಕೊಟ್ಟರೂ ಮರುದಿನ ಅದೇ ಜಾಗದಲ್ಲಿ ಬೀಳುತ್ತಾರೆ. ಅವರ ಬೂಟಿನ ಬೆರಳ ತುದಿಯ ರಬ್ಬರನ್ನೊಮ್ಮೆ ತಿರುಗಿಸಿ ನೋಡಿದರೆ ಹಿಮ ಉಜ್ಜಿದ ಗುರುತು ಸಾಲಾಗಿ ಕಾಣಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇದನ್ನು ಎರಡು ಸಲ ಓದಿದರೂ ಪರವಾಗಿಲ್ಲ. ಬೂಟು ಬೋರ್ಡಿನ ಮೇಲೆ ಓರೆಯಾಗಿ ಕೂತಿರುತ್ತದೆ. ಆ ಓರೆಯ ದಿಕ್ಕಿನಲ್ಲಿ ಅಂಚಿನಿಂದ ಅಂಚಿಗೆ ಬೂಟಿಗೆ ಸಿಗುವ ಜಾಗ ಎಷ್ಟು ಎಂದರೆ, ಬೋರ್ಡಿನ ಅಗಲವನ್ನು ಬೈಂಡಿಂಗ್ ಕೋನದ ಕೊಸೈನ್‌ನಿಂದ ಭಾಗಿಸಿದಷ್ಟು. ಬೈಂಡಿಂಗ್ ಎಂದರೆ ಬೂಟನ್ನು ಬೋರ್ಡಿಗೆ ಬಿಗಿಯುವ ಕಟ್ಟು, ಅದು ನೇರ ಅಡ್ಡಕ್ಕಿಂತ ಎಷ್ಟು ತಿರುಗಿದೆಯೋ ಅದೇ ಅದರ ಕೋನ. ಅಗಲವನ್ನು ಅಳೆಯಬೇಕಾದದ್ದು ಬೋರ್ಡಿನ ನಡುವೆ ಅಲ್ಲ, ಕಾಲು ಕೂರುವ ತಿರುಪಿನ ತೂತುಗಳ ಬಳಿ. ಕ್ಯಾಟಲಾಗಿನಲ್ಲಿ ಬರೆದಿರುವುದು ಬೋರ್ಡಿನ ಸೊಂಟದ, ಅಂದರೆ ನಡುಭಾಗದ, ಅಗಲ. ಕಾಲಿನ ಕೆಳಗೆ ಅದಕ್ಕಿಂತ ಒಂದಿಷ್ಟು ಹೆಚ್ಚೇ ಇರುತ್ತದೆ.

ಪಾದ 27.5 ಸೆಂ.ಮೀ. ಇರುವವರ ಸಾಫ್ಟ್ ಬೂಟು (ಮಾಮೂಲಿ ಮೆತ್ತನೆಯ ಸ್ನೋಬೋರ್ಡ್ ಬೂಟು) ಹೊರಗಿನಿಂದ 31 ಸೆಂ.ಮೀ. ಇದೆ ಎಂದಿಟ್ಟುಕೊಳ್ಳಿ. ಕಾಲಿನ ಕೆಳಗೆ ಬೋರ್ಡ್ 26 ಸೆಂ.ಮೀ. ಅಗಲ. ಬಾಡಿಗೆ ಅಂಗಡಿಯವರು ಸಾಮಾನ್ಯವಾಗಿ ಹಾಕಿಕೊಡುವ 15 ಡಿಗ್ರಿಯಲ್ಲಿ ಬೂಟಿಗೆ ಸಿಗುವ ಜಾಗ 26.9. ಉಳಿದ 4.1 ಸೆಂ.ಮೀ. ಎರಡೂ ಕಡೆ ಎರಡೆರಡರಂತೆ ಹೊರಗೆ. ಬೂಟಿನ ತುದಿ ಬೋರ್ಡಿನ ತಳದಿಂದ 3 ಸೆಂ.ಮೀ. ಮೇಲಿದ್ದರೆ ಕಲ್ಲಿನಂಥ ಮಂಜುಗಡ್ಡೆಯ ಮೇಲೂ 56 ಡಿಗ್ರಿಗೆ ಬೂಟು ತಾಗುತ್ತದೆ. ಆದರೆ ಅಂಚು ಹಿಮದೊಳಗೆ ಇಳಿಯದೆ ಕಾರ್ವಿಂಗ್ ಇಲ್ಲ. ಅದು ಒಂದೇ ಒಂದು ಸೆಂಟಿಮೀಟರ್ ಇಳಿಯಲಿ, ಬೂಟು 40 ಡಿಗ್ರಿಗೇ ತಾಗಿಬಿಡುತ್ತದೆ. ಮಧ್ಯಾಹ್ನ ಹಿಮ ಮೆತ್ತಗಾದಾಗ ಇನ್ನೂ ಬೇಗ. ಬೆಳಿಗ್ಗೆ ಚೆನ್ನಾಗಿ ಆಡಿದವರು ಊಟವಾದ ಮೇಲೆ ಬೀಳಲು ಶುರುಮಾಡುವುದಕ್ಕೆ ದಣಿವಿನ ಜೊತೆ ಇದೂ ಕಾರಣ.

ಅದೇ ಬೂಟು, ಅದೇ ಬೋರ್ಡ್, ಬೈಂಡಿಂಗ್ ಮಾತ್ರ 30 ಡಿಗ್ರಿಗೆ ತಿರುಗಿಸಿ. ಜಾಗ 30 ಸೆಂ.ಮೀ. ಆಯಿತು, ಪ್ರತಿ ಕಡೆ ಹೊರಗುಳಿದದ್ದು ಅರ್ಧ ಸೆಂಟಿಮೀಟರ್. ಒಂದು ಸೆಂಟಿಮೀಟರ್ ಹಿಮದಲ್ಲಿ ಇಳಿದರೂ 62 ಡಿಗ್ರಿವರೆಗೆ ವಾಲಬಹುದು. ಒಂದು ರೂಪಾಯಿ ಖರ್ಚಿಲ್ಲದೆ 40 ಡಿಗ್ರಿ 62 ಆಯಿತು. ಹೊಸ ಬೋರ್ಡ್ ಕೊಳ್ಳುವ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ ಎಂದು ನಾನು ಗೋಗರೆಯುವುದು ಇದಕ್ಕೇ.

ಕೋನ ಬದಲಾಯಿಸಿದ ಮೇಲೆ ಬೂಟನ್ನು ಮತ್ತೆ ಮಧ್ಯಕ್ಕೆ ತರುವುದನ್ನು ಮರೆಯಬೇಡಿ. ಬೈಂಡಿಂಗ್ ನಡುವಿನ ದುಂಡು ತಟ್ಟೆಯ ಉದ್ದ ತೂತುಗಳು ಬೋರ್ಡಿಗೆ ಅಡ್ಡಲಾಗಿ ಬರುವಂತೆ ಇಟ್ಟರೆ ಬೆರಳ ಕಡೆಗೋ ಹಿಮ್ಮಡಿ ಕಡೆಗೋ ಸರಿಸಬಹುದು. ಎರಡೂ ಕಡೆ ಚಾಚು ಸಮ ಇರಬೇಕು. ಹಿಮ್ಮಡಿ ಬದಿಯಲ್ಲಿ ಬೂಟಿಗಿಂತ ಮೊದಲು ಬೈಂಡಿಂಗ್‌ನ ಹಿಂಬದಿಯ ಕಮಾನೇ ತಾಗುವುದೂ ಉಂಟು, ಅದನ್ನೂ ನೋಡಿ. ಎರಡೂ ಕಾಲು ಮುಂದಕ್ಕೇ ತಿರುಗಿರಲಿ, ಮುಂಗಾಲು 36, ಹಿಂಗಾಲು 27 ಆಸುಪಾಸಿನಿಂದ ಶುರುಮಾಡಿ. ಸಾಫ್ಟ್ ಬೈಂಡಿಂಗ್‌ಗಳಲ್ಲಿ ಸಾಮಾನ್ಯವಾಗಿ ಮೂರು ಮೂರು ಡಿಗ್ರಿಯ ಹಲ್ಲು ಇರುತ್ತದೆ. ಮೊಣಕಾಲಿನ ಹಳೆಯ ನೋವಿದ್ದವರು ಒಮ್ಮೆಗೇ ತಿರುಗಿಸದೆ ಒಂದೊಂದು ಹಲ್ಲು ಏರಿಸುತ್ತ ಹೋಗಿ. ನೋವು ಬಂದರೆ ಅಲ್ಲಿಗೆ ನಿಲ್ಲಿಸಿ, ವೈದ್ಯರನ್ನು ಕೇಳಿ.

ನನ್ನ ಲೆಕ್ಕದಲ್ಲಿ ಬೂಟಿನ ದುಂಡು ಮೂಲೆಗಳನ್ನು ಸೇರಿಸಿಲ್ಲ. ಹಾಗಾಗಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬೂಟುಗಳನ್ನು ಬೈಂಡಿಂಗ್‌ಗೆ ಬಿಗಿದು ಬೋರ್ಡನ್ನು ನೆಲದ ಮೇಲೆ ಬೆರಳ ಅಂಚಿಗೆ ನಿಲ್ಲಿಸಿ, ಇನ್ನೊಬ್ಬರು ಹಿಡಿದುಕೊಳ್ಳಲಿ. ಬೂಟಿನ ತುದಿ ಬಂದು ತಾಗುವ ಕಡೆ ಯೋಗ ಮ್ಯಾಟನ್ನು ಒಂದು ಸೆಂಟಿಮೀಟರ್ ದಪ್ಪ ಬರುವಂತೆ ಮಡಚಿ ಅಂಚಿಗೆ ಒತ್ತರಿಸಿಡಿ. ಹಿಮದೊಳಗೆ ಇಳಿದ ಆಳ ಅದು. ನಿಧಾನವಾಗಿ ವಾಲಿಸುತ್ತ ಹೋಗಿ, ಬೂಟು ಮ್ಯಾಟಿಗೆ ತಾಗಿದಾಗ ನಿಲ್ಲಿಸಿ. ಬೋರ್ಡಿನ ತಳಕ್ಕೆ ಫೋನ್ ಒತ್ತಿ ಹಿಡಿದರೆ ಮಟ್ಟ ನೋಡುವ ಆ್ಯಪ್ ಕೋನ ಹೇಳುತ್ತದೆ. ಹಿಮ್ಮಡಿ ಬದಿಗೂ ಹೀಗೇ ನೋಡಿ. 55ಕ್ಕಿಂತ ಕಡಿಮೆ ಬಂದರೆ ಆ ಜೋಡಣೆ ಕಾರ್ವಿಂಗ್‌ಗೆ ಸಾಲದು. 60 ದಾಟಿದರೆ ಕಲಿಯುವವರಿಗೆ ಬೇಕಾದಷ್ಟಾಯಿತು.

ಆಲ್ಪೈನ್ ಬೋರ್ಡ್ (ಕಾರ್ವಿಂಗ್‌ಗೆಂದೇ ಮಾಡಿದ ಕಿರಿದಾದ ಬೋರ್ಡ್) ಮತ್ತು ಹಾರ್ಡ್ ಬೂಟು (ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಬೂಟು) ಬೇಕೆನ್ನುವವರಿಗೂ ಸೂತ್ರ ಅದೇ, ಲೆಕ್ಕ ಮಾತ್ರ ತಿರುವುಮುರುವು. ಇಲ್ಲಿ ಬೂಟು ಅಂಚಿನಿಂದ ಹೊರಗೆ ಚಾಚಲೇಬಾರದು. ತಳ 31 ಸೆಂ.ಮೀ. ಉದ್ದದ ಬೂಟು 20 ಸೆಂ.ಮೀ. ಬೋರ್ಡಿನಲ್ಲಿ ಕೂರಲು 50 ಡಿಗ್ರಿ ಬೇಕು, 22 ಸೆಂ.ಮೀ. ಆದರೆ 45 ಸಾಕು, 18 ಆದರೆ 55ರ ಹತ್ತಿರ. ಕಡಿಮೆ ಬೆಲೆಗೆ ಸಿಕ್ಕಿತೆಂದು 18 ಸೆಂ.ಮೀ.ನ ಹಳೆಯ ರೇಸ್ ಬೋರ್ಡ್ ಕೊಂಡು ತಂದರೆ, ದೊಡ್ಡ ಪಾದದವರು 60 ಡಿಗ್ರಿಯ ಹತ್ತಿರ ನಿಲ್ಲಬೇಕಾಗಿ ಬಂದು ಸೊಂಟ ತಿರುಚಿಕೊಂಡು ಒದ್ದಾಡುತ್ತಾರೆ. ತೀರಾ ಅಗಲವಾದರೂ ಕಷ್ಟವೇ, ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸುವುದು ತಡವಾಗುತ್ತದೆ. ಜಯಂಟ್ ಸ್ಲಾಲಂ ಓಟದ (ದೂರ ದೂರ ನೆಟ್ಟ ಗುರುತುಗಳ ನಡುವೆ ತಿರುಗುತ್ತ ಇಳಿಯುವ ಸ್ಪರ್ಧೆಯ) 180 ಸೆಂ.ಮೀ. ದಾಟಿದ ಬೋರ್ಡಿನ ತ್ರಿಜ್ಯ ದೊಡ್ಡದು. ವೇಗವಿಲ್ಲದೆ ಅದು ತಿರುಗುವುದಿಲ್ಲ, ಆ ವೇಗ ಜನ ತುಂಬಿದ ಇಳಿಜಾರಿಗೆ ತಕ್ಕದ್ದೂ ಅಲ್ಲ. ರಜೆಯ ಸವಾರಿಗೆ 160–170 ಸೆಂ.ಮೀ. ಉದ್ದ, 10ರಿಂದ 13 ಮೀಟರ್ ತ್ರಿಜ್ಯ ಸಾಕು. ಹಗುರ ಮೈಯವರು ಇನ್ನೂ ಗಿಡ್ಡದ್ದು, ಮೆತ್ತನೆಯದು ಆರಿಸಿ.

ಬೂಟಿನ ವಿಷಯದಲ್ಲಿ ನಮ್ಮವರು ಮತ್ತೆ ಮತ್ತೆ ಮಾಡುವ ತಪ್ಪೊಂದಿದೆ. ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಬೆಳೆದ ಹಲವರ ಮುಂಗಾಲು ಅಗಲ. ಅಂಗಡಿಯಲ್ಲಿ ಬೂಟು ಪಕ್ಕಕ್ಕೆ ಒತ್ತಿದ ಕೂಡಲೇ “ಒಂದು ಸೈಜ್ ದೊಡ್ಡದು ಕೊಡಿ” ಅನ್ನುತ್ತಾರೆ. ಬೇಕಾಗಿದ್ದದ್ದು ಅಗಲ, ಸಿಕ್ಕಿದ್ದು ಉದ್ದ. ಬೂಟು ಉದ್ದವಾದಷ್ಟೂ ಹಿಮ್ಮಡಿ ಒಳಗೆ ಎದ್ದು ಕುಣಿಯುತ್ತದೆ, ಹೊರಗೆ ತುದಿ ಹಿಮಕ್ಕೆ ತಾಗುತ್ತದೆ, ಮೇಲೆ ಹೇಳಿದ ಲೆಕ್ಕವೆಲ್ಲ ಕೆಡುತ್ತದೆ. ಬೂಟಿನ ಸೈಜ್ ಎಂದರೆ ಸೆಂಟಿಮೀಟರಿನಲ್ಲಿ ಪಾದದ ಉದ್ದ. ಗೋಡೆಗೆ ಹಿಮ್ಮಡಿ ತಾಗಿಸಿ, ಪೂರ್ತಿ ಭಾರ ಹಾಕಿ ನಿಂತು, ಸಂಜೆ ಹೊತ್ತು ಅಳೆಯಿರಿ. ಹಾರ್ಡ್ ಬೂಟಾದರೆ ಒಳಪದರ ತೆಗೆದು ಬರೀ ಚಿಪ್ಪಿನೊಳಗೆ ಕಾಲಿಡಿ, ಬೆರಳು ಮುಂದೆ ಹಗುರವಾಗಿ ತಾಗುವಾಗ ಹಿಮ್ಮಡಿಯ ಹಿಂದೆ ಒಂದರಿಂದ ಒಂದೂವರೆ ಸೆಂ.ಮೀ. ಜಾಗ ಇದ್ದರೆ ಸರಿ. ಎರಡು ದಾಟಿದರೆ ದೊಡ್ಡದಾಯಿತು. ಪಕ್ಕದ ಒತ್ತನ್ನು ಬೂಟು ಹೊಂದಿಸುವವರು ಚಿಪ್ಪು ಬಿಸಿಮಾಡಿ ಹಿಗ್ಗಿಸಿ ಸರಿಮಾಡುತ್ತಾರೆ, ಒಳಪದರವನ್ನೂ ಬಿಸಿಯಲ್ಲಿ ಕಾಲಿನ ಅಚ್ಚಿಗೆ ಕೂರಿಸುತ್ತಾರೆ. ಕಾಲುಚೀಲ ತೆಳ್ಳಗಿನ ಒಂದೇ ಜೊತೆ ಇರಲಿ. ಒಂದೇ ಸೈಜಿನಲ್ಲಿ ಡೀಲಕ್ಸ್ ಕಂಪನಿಯ ಹಾರ್ಡ್ ಬೂಟಿಗಿಂತ ಯುಪಿಝಡ್ ಕಂಪನಿಯ ಬೂಟಿನ ತಳ ಗಿಡ್ಡ, ದೊಡ್ಡ ಪಾದದವರು ಇದನ್ನು ಗಮನಿಸಬೇಕು. ಮನೆಯಲ್ಲಿರುವ ಸ್ಕೀ ಬೂಟನ್ನೇ ಹಾಕಿ ನಡೆಸಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಅದರ ತಳ ಹಿಮ್ಮಡಿಯ ಹಿಂದೆ ಚಾಚಿಕೊಂಡಿರುತ್ತದೆ, ಪಕ್ಕಕ್ಕೆ ಬೇಕಾದಷ್ಟು ಬಳುಕುವುದೂ ಇಲ್ಲ.

ಹಾರ್ಡ್ ಬೂಟಿನ ಬೈಂಡಿಂಗ್‌ನಲ್ಲಿ ಮುಂಗಾಲಿನ ಬೆರಳ ಕಡೆ, ಹಿಂಗಾಲಿನ ಹಿಮ್ಮಡಿ ಕಡೆ ಮೂರು ಡಿಗ್ರಿಯಷ್ಟು ಎತ್ತರಿಸುವ ಬೆಣೆ ಹಾಕುವುದು ವಾಡಿಕೆ. ಬೆಣೆ ಹಾಕಿದಾಗ ತಿರುಪು ಉದ್ದದ್ದು ಬೇಕಾಗುತ್ತದೆ. ಅಲ್ಲಿರುವುದು 6 ಮಿ.ಮೀ. ತಿರುಪು, ಒಂದು ಸುತ್ತಿಗೆ ಒಂದು ಮಿ.ಮೀ. ಇಳಿಯುತ್ತದೆ. ಕನಿಷ್ಠ ಆರು ಸುತ್ತು ಹಿಡಿಯಬೇಕು, ಆದರೆ ತೂತಿನ ತಳಕ್ಕೆ ತಾಗಬಾರದು, ತಾಗಿದರೆ ಬೋರ್ಡಿನ ಅಡಿ ಉಬ್ಬುತ್ತದೆ. ಪೋಜಿ 3 ತುದಿಯ ಸ್ಕ್ರೂಡ್ರೈವರ್ ಇರಲಿ, ಮಾಮೂಲಿ ಪ್ಲಸ್ ಸ್ಕ್ರೂಡ್ರೈವರ್ ತಿರುಪಿನ ತಲೆ ತಿಂದುಹಾಕುತ್ತದೆ. ಮೊದಲ ದಿನ ಇಳಿಜಾರಿನಲ್ಲಿ ಎರಡು ಸಲ ಇಳಿದು ಬಂದ ಮೇಲೆ ಎಲ್ಲ ತಿರುಪುಗಳನ್ನು ಮತ್ತೊಮ್ಮೆ ಬಿಗಿಯಿರಿ.

ಜಾಗದ ಬಗ್ಗೆ ಚಿಕ್ಕದಾಗಿ. ಕಾರ್ವಿಂಗ್‌ಗೆ ಬೇಕಾದದ್ದು ಅಗಲವಾದ, ರಾತ್ರಿ ಯಂತ್ರ ಓಡಿಸಿ ಹದ ಮಾಡಿದ ಇಳಿಜಾರು, ಆಳದ ಪುಡಿಹಿಮವಲ್ಲ. ದಕ್ಷಿಣ ಟೈರೋಲ್‌ನ ಕ್ರೋನ್‌ಪ್ಲಾಟ್ಜ್, ಮೊದಲ ಸಲದವರಿಗೆ ಆಲ್ಪೆ ದಿ ಸಿಯುಸಿ, ಸ್ವಿಟ್ಜರ್ಲೆಂಡಿನಲ್ಲಿ ಮೈಯೆಲ್ಲ ಹಿಮಕ್ಕೆ ತಾಗಿಸಿ ತಿರುಗುವ ಶೈಲಿಗೆ ಹೆಸರಾದ ಜಿನಾಲ್, ಅಕ್ಟೋಬರ್‌ನಲ್ಲೇ ಹೊರಡುವವರಿಗೆ ಆಸ್ಟ್ರಿಯದ ಹಿಂಟರ್‌ಟುಕ್ಸ್ ಹಿಮನದಿ. ಸಾಫ್ಟ್ ಬೂಟಿನ ಕಾರ್ವಿಂಗ್ ನೋಡಿ ಕಲಿಯಬೇಕೆಂದರೆ ಜಪಾನ್. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿನ ಮೊದಲ ಜಯಂಟ್ ಸ್ಲಾಲಂ ನಡೆದ ಶಿಗಾ ಕೋಗೆನ್‌ನ ಇಳಿಜಾರುಗಳು ಈ ಆಟಕ್ಕೆ ಚೆನ್ನ. ಅಲ್ಲಿ ವಿಮಾನ ನಿಲ್ದಾಣದಿಂದಲೇ ಟಕ್ಯುಬಿನ್ ಸೇವೆಯವರು ಬೋರ್ಡನ್ನು ಹೋಟೆಲಿಗೆ ತಲುಪಿಸುತ್ತಾರೆ, ಒಂದೆರಡು ದಿನ ಮೊದಲು ಕಳಿಸಿದರಾಯಿತು. ಯುರೋಪಿನ ಹಲವೆಡೆ ನೀಲಿ ಗುರುತಿನ (ಸುಲಭದ) ಇಳಿಜಾರು ಸಾಮಾನ್ಯವಾಗಿ 25 ಶೇಕಡಾ ಇಳುಕಲಿನೊಳಗೆ, ಕೆಂಪು (ಮಧ್ಯಮ) 40ರೊಳಗೆ ಇರುತ್ತದೆ. ಹೊಸ ಜೋಡಣೆಯನ್ನು ನೀಲಿಯಲ್ಲೇ ಪರೀಕ್ಷಿಸಿ. ಲಿಫ್ಟ್ ಶುರುವಾಗುವ ಹೊತ್ತಿಗೆ ಸಾಲಿನಲ್ಲಿರಿ, ಮೊದಲ ಎರಡು ಗಂಟೆಯ ಹಿಮ ಆಮೇಲೆ ಸಿಗುವುದಿಲ್ಲ. ತಿರುವಿನ ಕೊನೆಗೆ ಬೋರ್ಡ್ ಇಳಿಜಾರಿನ ಮೇಲ್ಮುಖವಾಗಿ ಹೋಗುವಾಗ ಮೇಲೆ ಕೆಳಗೆ ಎರಡೂ ಕಡೆ ನೋಡುವ ಹೊಣೆ ನಿಮ್ಮದೇ, ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ಐದನೆಯ ನಿಯಮ ಹೇಳುವುದು ಅದನ್ನೇ.

ಬೋರ್ಡ್ ಬಾಡಿಗೆಗೆ ಸಿಗುತ್ತದೆ, ನಿಮ್ಮ ಕಾಲಿಗೆ ಕೂತ ಬೂಟು ಸಿಗುವುದಿಲ್ಲ. ಹಾರ್ಡ್ ಬೂಟಂತೂ ಬಾಡಿಗೆ ಅಂಗಡಿಗಳಲ್ಲಿ ಕಾಣುವುದೇ ಅಪರೂಪ. ಆದ್ದರಿಂದ ಬೂಟು ಕೈಚೀಲದಲ್ಲಿ ಬರಲಿ, ಲಗೇಜ್ ತಪ್ಪಿ ಹೋದರೂ ರಜೆ ಉಳಿಯುತ್ತದೆ. ಜೋಡಿಗೆ ನಾಲ್ಕೈದು ಕಿಲೋ ಆಗುವುದರಿಂದ ವಿಮಾನ ಸಂಸ್ಥೆಯ ಮಿತಿ ಮೊದಲೇ ನೋಡಿಕೊಳ್ಳಿ. ಶೆಂಗೆನ್ ವೀಸಾಕ್ಕೆಂದು ಮಾಡಿಸುವ 30,000 ಯೂರೋ ವಿಮೆಯಲ್ಲಿ ಹಿಮಕ್ರೀಡೆ ಸೇರಿದೆಯೇ ಎಂದು ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಅದನ್ನು ಹೊರಗಿಟ್ಟಿರುತ್ತಾರೆ. ಇಟಲಿಗೆ ಹೋಗುವವರಿಗೆ ಇನ್ನೂ ಎರಡು ಕಡ್ಡಾಯ: 2022ರಿಂದ ಇತರರಿಗೆ ಆಗುವ ಹಾನಿಯ ವಿಮೆ, 2025ರ ನವೆಂಬರ್‌ನಿಂದ ಎಲ್ಲ ವಯಸ್ಸಿನವರಿಗೂ ಹೆಲ್ಮೆಟ್. ಹಾನಿಯ ವಿಮೆಯನ್ನು ಲಿಫ್ಟ್ ಪಾಸ್ ಕೊಳ್ಳುವಾಗ ದಿನದ ಲೆಕ್ಕದಲ್ಲೂ ಸೇರಿಸಿಕೊಳ್ಳಬಹುದು.