ರವೆಯಂಥ ಚಿನ್ನದ ಹಿಂದೆ ಬಿದ್ದ ಕಸ್ತೆಲ್ಲಾನಿ ಮನೆತನ

1836ರಲ್ಲಿ ರೋಮ್‌ ಸಮೀಪದ ಚೆರ್ವೆತೆರಿಯಲ್ಲಿ ಒಂದು ಹಳೆಯ ಗೋರಿಯನ್ನು ಅಗೆದು ತೆರೆದರು. ಒಳಗಿದ್ದದ್ದು ರೋಮನ್ನರಿಗೂ ಮೊದಲು ಇಟಲಿಯಲ್ಲಿ ಮೆರೆದ ಎಟ್ರುಸ್ಕನ್ ಜನರ, ಕ್ರಿ.ಪೂ. 7ನೇ ಶತಮಾನದ ಚಿನ್ನ. ಒಡವೆಗಳ ಮೇಲೆ ಚಿರೋಟಿ ರವೆಗಿಂತ ಸಣ್ಣ ಚಿನ್ನದ ಗುಂಡುಗಳು ಸಾಲುಗಟ್ಟಿ ಕೂತಿದ್ದವು. ಅವನ್ನು ಅಂಟಿಸಿದ್ದು ಹೇಗೆ ಎನ್ನುವುದು ಆಗಿನ ಯುರೋಪಿನ ಯಾವ ಅಕ್ಕಸಾಲಿಗನಿಗೂ ತಿಳಿಯಲಿಲ್ಲ.

ಈ ಪ್ರಶ್ನೆಯನ್ನು ತಲೆಮಾರುಗಟ್ಟಲೆ ಹೊತ್ತದ್ದು ರೋಮಿನ ಕಸ್ತೆಲ್ಲಾನಿ ಮನೆತನ. ಫೋರ್ತುನಾತೊ ಪಿಯೊ ಕಸ್ತೆಲ್ಲಾನಿ 1814ರಲ್ಲಿ ಅಂಗಡಿ ಇಟ್ಟಾಗ ಎಲ್ಲರಂತೆ ಪ್ಯಾರಿಸ್ಸಿನ ಫ್ಯಾಷನ್ ನೋಡಿ ಒಡವೆ ಮಾಡುತ್ತಿದ್ದ. ಗೆಳೆಯನೂ ವಿದ್ವಾಂಸನೂ ಆದ ಮಿಕೆಲಾಂಜೆಲೊ ಕಯೆತಾನಿಯ ಒಡನಾಟ ಅವನನ್ನು ಪುರಾತನ ಚಿನ್ನದ ಕಡೆಗೆ ತಿರುಗಿಸಿತು.

ಗುಂಡು ಮಾಡುವುದು ಕಷ್ಟವಲ್ಲ. ಚಿನ್ನದ ಚೂರುಗಳನ್ನು ಇದ್ದಿಲ ಪುಡಿಯಲ್ಲಿ ಹುದುಗಿಸಿ ಕಾಯಿಸಿದರೆ ಕರಗಿದ ಪ್ರತಿ ಚೂರೂ ತಾನಾಗಿ ದುಂಡಗಾಗುತ್ತದೆ. ಕಷ್ಟವಿರುವುದು ಬೆಸುಗೆಯಲ್ಲಿ. ನಮ್ಮ ಅಕ್ಕಸಾಲಿಗರು ಬಿಳಿಗಾರ ಎನ್ನುವ ಟಂಕಣವನ್ನು ಹಚ್ಚಿ ಬೆಸುಗೆಯ ಪುಡಿ ಉದುರಿಸಿ ಉರಿ ಊದಿದರೆ, ಕರಗಿದ ಬೆಸುಗೆ ಗುಂಡುಗಳ ನಡುವಿನ ಸಂದಿಗಳಿಗೆಲ್ಲ ಹರಿದು ತುಂಬಿಕೊಳ್ಳುತ್ತದೆ. ಎಟ್ರುಸ್ಕನ್ ಕೆಲಸದಲ್ಲಿ ಹಾಗಿಲ್ಲ. ಅಲ್ಲಿ ಗುಂಡು ತಗಡಿಗೆ ತಾಕುವುದು ಸೂಜಿಮೊನೆಯಷ್ಟು ಜಾಗದಲ್ಲಿ, ಸುತ್ತ ಎಲ್ಲವೂ ಶುಭ್ರ.

ಕಸ್ತೆಲ್ಲಾನಿಗಳು ಟಂಕಣದ ಬದಲು ಆರ್ಸೆನಿಕ್ ಲವಣಗಳನ್ನು ಬಳಸಿ ನೋಡಿದರು, ಬೆಸುಗೆಯನ್ನು ಕೈಗೆ ಸಿಗದಷ್ಟು ನುಣ್ಣಗೆ ಅರೆದರು. ಆದರೆ ಅವರು ಇಟ್ಟ ಅತಿ ಜಾಣ ಹೆಜ್ಜೆ ರಸಾಯನದ್ದಲ್ಲ ಎಂದೇ ನನಗೆ ಅನಿಸುತ್ತದೆ. ಮಾರ್ಕೆ ಪ್ರಾಂತ್ಯದ ಗುಡ್ಡಗಾಡಿನಲ್ಲಿರುವ ಸಾಂತಾಂಜೆಲೊ ಇನ್ ವಾದೊ ಎಂಬ ಪುಟ್ಟ ಊರಿನಲ್ಲಿ ರೈತರ ಮದುವೆಯ ಒಡವೆಗಳನ್ನು ಹಳೆಯ ಪದ್ಧತಿಯಲ್ಲೇ ಮಾಡುವ ಕುಶಲಕರ್ಮಿಗಳಿದ್ದರು. ನಗರದ ಫ್ಯಾಷನ್ ಅವರ ತನಕ ಹೋಗಿರಲಿಲ್ಲ. ಅವರಲ್ಲಿ ಕೆಲವರನ್ನು ಮನೆತನ ರೋಮಿಗೆ ಕರೆತಂದು ಕೆಲಸಕ್ಕೆ ಕೂರಿಸಿತು. ಗೋರಿಯಲ್ಲಿ ಸಿಕ್ಕದ ಗುರು ಗುಡ್ಡದ ಊರಲ್ಲಿ ಸಿಕ್ಕಂತಾಯಿತು.

ಇಷ್ಟಾದರೂ ಅತಿ ಸೂಕ್ಷ್ಮವಾದ ಎಟ್ರುಸ್ಕನ್ ಕೆಲಸ ಕೈಗೆಟುಕಲಿಲ್ಲ. ಮಗ ಅಲೆಸ್ಸಾಂದ್ರೊ ಅದನ್ನು ಬಾಯ್ಬಿಟ್ಟು ಒಪ್ಪಿಕೊಂಡ. ತನ್ನ ಸೋಲನ್ನು ಹೀಗೆ ಊರೆದುರು ಹೇಳಿಕೊಂಡ ವ್ಯಾಪಾರಿಯ ಬಗ್ಗೆ ನನಗೆ ಗೌರವವಿದೆ. ರಾಜಕೀಯದ ಕಾರಣಕ್ಕೆ, ಆಗ ಪೋಪನ ಆಳ್ವಿಕೆಯಲ್ಲಿದ್ದ ರೋಮ್‌ ಬಿಟ್ಟು ಹೊರಗೆ ಬಾಳಬೇಕಾಗಿ ಬಂದ ಅವನು ಪುರಾತನ ವಸ್ತುಗಳ ದೊಡ್ಡ ವ್ಯಾಪಾರಿಯಾದ. ಅವನಿಂದ ಕೊಂಡ ಒಡವೆಗಳು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ತಮ್ಮ ಆಗುಸ್ತೊ ರೋಮಿನಲ್ಲೇ ಅಂಗಡಿ ನೋಡಿಕೊಂಡ.

ಉತ್ತರ ಕೊನೆಗೆ ಬಂದದ್ದು ಇಂಗ್ಲೆಂಡಿನ ಲಿಟಲ್‌ಡೇಲ್ ಎಂಬುವನಿಂದ. ಬೇರೆ ಬೆಸುಗೆಯೇ ಬೇಡ ಎಂದು ಅವನು ತೋರಿಸಿದ. ತಾಮ್ರದ ಲವಣವನ್ನು ಅಂಟಿನೊಂದಿಗೆ ಕಲಸಿ ಗುಂಡುಗಳನ್ನು ಕೂರಿಸಿ ಕಾಯಿಸಬೇಕು. ಅಂಟು ಸುಟ್ಟು ಇಂಗಾಲವಾಗುತ್ತದೆ, ಆ ಇಂಗಾಲ ಲವಣದಿಂದ ತಾಮ್ರವನ್ನು ಬಿಡಿಸುತ್ತದೆ. ಸುಮಾರು 890 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ತಾಮ್ರ, ತಾಕಿದ ಜಾಗದಲ್ಲಿ ಮಾತ್ರ, ಚಿನ್ನದೊಂದಿಗೆ ಬೆರೆತು ಕರಗಿ ಗುಂಡನ್ನು ಹಿಡಿಯುತ್ತದೆ. ಶುದ್ಧ ಚಿನ್ನ ಕರಗಲು 1064 ಡಿಗ್ರಿ ಬೇಕು, ಆದ್ದರಿಂದ ಗುಂಡಿಗೆ ಏನೂ ಆಗುವುದಿಲ್ಲ.

ಆಗುಸ್ತೊನ ಮಗ ಆಲ್ಫ್ರೆದೊ ಮನೆತನದ ಸಂಗ್ರಹವನ್ನು ಇಟಲಿ ಸರ್ಕಾರಕ್ಕೆ ಕೊಟ್ಟ. ಅದು ಈಗ ರೋಮಿನ ವಿಲ್ಲಾ ಜೂಲಿಯಾ ಮ್ಯೂಸಿಯಮ್ಮಿನಲ್ಲಿದೆ, ಹಳೆಯ ಒಡವೆಗಳ ಜೊತೆಗೆ ಅವುಗಳನ್ನು ನೋಡಿ ಕಸ್ತೆಲ್ಲಾನಿಗಳು ಮಾಡಿದವೂ ಇವೆ. ಆಲ್ಫ್ರೆದೊ ತೀರಿಕೊಂಡದ್ದು 1930ರಲ್ಲಿ. ಲಿಟಲ್‌ಡೇಲ್ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1933ರಲ್ಲಿ.