ಬೀಡಿಗೆ 100 ಗಜ, ಹಾರ್ನ್‌ಗೆ 100 ಮೀಟರ್, ಸ್ಕೂಟರ್‌ಗೆ ಎಷ್ಟು?

ಮುಂಬಯಿಯಲ್ಲಿ ಶಾಲೆಯ ಗೇಟಿನ ಹತ್ತಿರ ನಿಜವಾದ ಗದ್ದಲ ನೋಡಬೇಕಾದರೆ ನಡು ಮಧ್ಯಾಹ್ನ ಹೋಗಬೇಕು. ಇಲ್ಲಿ ಜಾಗ ಕಡಿಮೆ, ಮಕ್ಕಳು ಜಾಸ್ತಿ. ಹಾಗಾಗಿ ಎಷ್ಟೋ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಗಿನ ಪಾಳಿ ಹನ್ನೆರಡೂವರೆ ಸುಮಾರಿಗೆ ಬಿಡುತ್ತದೆ, ಮಧ್ಯಾಹ್ನದ ಪಾಳಿಯವರು ಅದೇ ಹೊತ್ತಿಗೆ ಬಂದು ಸೇರುತ್ತಾರೆ. ಒಂದೇ ಗೇಟು, ಒಂದೇ ಗಲ್ಲಿ. ಅದರಲ್ಲೇ ಸ್ಕೂಲ್ ಬಸ್ಸು, ರಿಕ್ಷಾ, ನೀರಿನ ಟ್ಯಾಂಕರ್, ಮಗಳನ್ನು ಹಿಂದೆ ಕೂರಿಸಿಕೊಂಡು ಬಂದ ನನ್ನಂಥವರ ಸ್ಕೂಟರ್.

ನಮ್ಮ ಗಲ್ಲಿಯ ಜಗಳ ಶುರುವಾಗಿದ್ದು ಒಂದು ಸ್ಟೀಲ್ ಟಿಫಿನ್ ಡಬ್ಬಿಯಿಂದ. ನಾಲ್ಕನೇ ಕ್ಲಾಸಿನ ಒಂದು ಹುಡುಗಿ ಎರಡು ಸ್ಕೂಟರ್‌ಗಳ ಸಂದಿಯಿಂದ ರಸ್ತೆಗೆ ಇಳಿದಿದ್ದಾಳೆ. ರಿವರ್ಸ್ ಬರುತ್ತಿದ್ದ ಟೆಂಪೊ ಚೀಲಕ್ಕೆ ತಗುಲಿದೆ. ದೇವರು ದೊಡ್ಡವನು, ಹುಡುಗಿಗೆ ಮೊಣಕೈ ತರಚಿತು ಅಷ್ಟೆ. ಡಬ್ಬಿ ಮಾತ್ರ ಚಪ್ಪಟೆ. ಆ ಭಾನುವಾರ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಪಾಲಕರು ಸೇರಿದಾಗ ಅವಳ ಅಮ್ಮ ಏನೂ ಮಾತಾಡಲಿಲ್ಲ. ಡಬ್ಬಿ ತಂದು ಮೇಜಿನ ಮೇಲೆ ಇಟ್ಟರು. ಮುಚ್ಚಳದ ಅಂಚಿನಲ್ಲಿ ಚಿತ್ರಾನ್ನದ ಅರಿಶಿನ ಇನ್ನೂ ಅಂಟಿತ್ತು.

ಮೊದಲ ಅರ್ಧ ಗಂಟೆ ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದ್ದೇ ಆಯಿತು. ಗೇಟಿನ ಹೊರಗಿನದು ನಮ್ಮ ಜವಾಬ್ದಾರಿ ಅಲ್ಲ ಅಂತ ಶಾಲೆಯವರು. ವಾರ್ಡ್ ಆಫೀಸಿಗೆ ಹೋದರೆ ಟ್ರಾಫಿಕ್ ಪೊಲೀಸರನ್ನು ಕೇಳಿ ಅನ್ನುತ್ತಾರಂತೆ, ಪೊಲೀಸರು ರಸ್ತೆ ವಿಭಾಗಕ್ಕೆ ಕಳಿಸುತ್ತಾರಂತೆ. ಎದುರಿನ ಹೌಸಿಂಗ್ ಸೊಸೈಟಿಯವರದು ಬೇರೆಯೇ ಗೋಳು: "ನಿಮ್ಮ ಸ್ಕೂಟರ್‌ಗಳಿಂದ ನಮ್ಮ ಕಾರು ಹೊರಗೆ ತೆಗೆಯೋಕೆ ಆಗಲ್ಲ." ನಗರಸೇವಕರ ಹತ್ತಿರ ಹೋಗೋಣ ಅಂದರೆ, 2022ರ ಮಾರ್ಚ್‌ನಲ್ಲಿ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಪಾಲಿಕೆಗೆ ಚುನಾವಣೆಯೇ ಆಗಿರಲಿಲ್ಲ. ಆ ಅಭ್ಯಾಸವೇ ತಪ್ಪಿಹೋಗಿದೆ.

ಹಿಂದಿನ ಸಾಲಿನಲ್ಲಿ ಕುಂದಾಪುರದ ಕಡೆಯ ಒಬ್ಬ ಹಿರಿಯರು ಕೂತಿದ್ದರು. ಹುಡುಗನಾಗಿ ಊರು ಬಿಟ್ಟು ಬಂದವರು. ಹಗಲು ಹೋಟೆಲ್ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಹಾಗೆ ಓದಿದವರು ಮುಂಬಯಿಯಲ್ಲಿ ಸಾವಿರಾರು ಜನ. "ನಮ್ಮ ಕಾಲಕ್ಕೆ ಟ್ರಾಮ್ ಇತ್ತು ಮಾರಾಯ್ರೇ," ಅಂದರು. "ಅದು ಎಲ್ಲಿ ಬರ್ತದೆ ಅಂತ ಗೊತ್ತಿರ್ತಿತ್ತು. ಹಳಿ ಬಿಟ್ಟು ಮೈಮೇಲೆ ಬರ್ತಿರಲಿಲ್ಲ."

ಎಲ್ಲರೂ ನಕ್ಕರು. ಆದರೆ ಈ ಕತೆಯ ಒಂದು ತುದಿ ಅಲ್ಲೇ ಇದೆ. ಮುಂಬಯಿಯ ಕೊನೆಯ ಟ್ರಾಮ್ ಓಡಿದ್ದು 1964ರ ಮಾರ್ಚ್ 31ರಂದು. ಮರುವರ್ಷವೇ ಕೆಂಪ್ಸ್ ಕಾರ್ನರ್ ಫ್ಲೈಓವರ್ ಬಂತು. 1990ರ ದಶಕದ ಕೊನೆಗೆ ಒಟ್ಟಿಗೇ 55 ಫ್ಲೈಓವರ್‌ಗಳ ಯೋಜನೆ. 2022ರ ಹೊತ್ತಿಗೆ ಶಹರದ ವಾಹನಗಳು 40 ಲಕ್ಷ ದಾಟಿದ್ದವು. ಹಾಗಂತ ಜನ ನಡೆಯುವುದನ್ನು ಬಿಟ್ಟಿದ್ದಾರಾ? ಇಲ್ಲ. 2008ರ ದೊಡ್ಡ ಸಾರಿಗೆ ಸಮೀಕ್ಷೆಯ ಪ್ರಕಾರ ಮುಂಬಯಿ ಮಹಾನಗರ ಪ್ರದೇಶದ ಓಡಾಟದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ್ನಡಿಗೆಯದ್ದೇ. ಅದೇ 2008ರಲ್ಲಿ ಬಾಂದ್ರಾದಲ್ಲಿ ಮೊದಲ ಸ್ಕೈವಾಕ್ ತೆರೆಯಿತು. ಅಂದರೆ ಕೆಳಗೆ ವಾಹನ ಆರಾಮಾಗಿ ಹೋಗಲಿ, ನಡೆಯುವವನು ಮೆಟ್ಟಿಲು ಹತ್ತಲಿ. ಆ ಮೊದಲ ಸ್ಕೈವಾಕನ್ನೇ ಆಮೇಲೆ ಕೆಡವಬೇಕಾಯಿತು, ಅದು ಬೇರೆ ಮಾತು.

ಮಕ್ಕಳ ಬಗ್ಗೆ ಯಾರೂ ಯೋಚಿಸಲೇ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ಯೋಚಿಸಿದ್ದಾರೆ. ಆದರೆ ಯಾವ ಮಕ್ಕಳ ಬಗ್ಗೆ ಅನ್ನುವುದನ್ನು ನೋಡಬೇಕು.

1997ರ ನವೆಂಬರ್‌ನಲ್ಲಿ ದಿಲ್ಲಿಯ ವಜೀರಾಬಾದ್ ಸೇತುವೆಯಿಂದ ಒಂದು ಶಾಲಾ ಬಸ್ಸು ಯಮುನೆಗೆ ಬಿತ್ತು. 28 ಮಕ್ಕಳು ಸತ್ತರು. ಕೆಲವೇ ದಿನದಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ಆದೇಶ ಕೊಟ್ಟಿತು. ಇವತ್ತು ಸ್ಕೂಲ್ ಬಸ್ಸಿನ ಕಿಟಕಿಗೆ ಸರಳು, ಫಸ್ಟ್ ಏಡ್ ಪೆಟ್ಟಿಗೆ, ಬಾಗಿಲಿಗೆ ಭದ್ರವಾದ ಚಿಲಕ, ವೇಗ ತಡೆಯುವ ಗವರ್ನರ್ ನೋಡುತ್ತೀರಲ್ಲ, ಅವುಗಳ ಬೇರು ಆ ಆದೇಶದಲ್ಲಿದೆ. ಮಹಾರಾಷ್ಟ್ರ 2011ರಲ್ಲಿ ಸ್ಕೂಲ್ ಬಸ್ಸಿಗೆಂದೇ ಬೇರೆ ನಿಯಮ ಮಾಡಿತು. ಅದರಂತೆ ಪ್ರತಿ ಶಾಲೆಯಲ್ಲೂ ಒಂದು ಸಾರಿಗೆ ಸಮಿತಿ ಇರಬೇಕು. ಮುಖ್ಯೋಪಾಧ್ಯಾಯರೇ ಅಧ್ಯಕ್ಷರು. ಪಾಲಕರ ಪ್ರತಿನಿಧಿ, ಟ್ರಾಫಿಕ್ ಪೊಲೀಸ್, ಆರ್‌ಟಿಒ ಕಡೆಯವರು, ಸ್ಥಳೀಯ ಆಡಳಿತದವರು ಎಲ್ಲ ಒಂದೇ ಮೇಜಿನ ಸುತ್ತ. ಚೆನ್ನಾಗಿದೆ ಅಲ್ವಾ? ಆದರೆ ಆ ಮೇಜಿನ ಮೇಲೆ ಬರುವ ವಿಷಯ ಬಸ್ಸು. ಬಸ್ಸಿನ ಫೀಸು ಕಟ್ಟದೆ, ತಮ್ಮನ ಕೈ ಹಿಡಿದುಕೊಂಡು ನಡೆದು ಬರುವ ಮಗು ಅಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ.

ಕಾನೂನು ಬಯಸಿದ್ದೇ ಮಗು ನಡೆದು ಬರಲಿ ಅಂತ. ಶಿಕ್ಷಣ ಹಕ್ಕು ಕಾಯ್ದೆ 2010ರಲ್ಲಿ ಜಾರಿಗೆ ಬಂದಾಗ ಕೇಂದ್ರದ ಮಾದರಿ ನಿಯಮಗಳು 1ರಿಂದ 5ನೇ ಕ್ಲಾಸಿನ ಮಗುವಿಗೆ 1 ಕಿಲೋಮೀಟರ್ ನಡಿಗೆಯೊಳಗೆ, 6ರಿಂದ 8ರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂದವು. ನಮ್ಮ ಮಂದಿಯ ಮಟ್ಟಿಗೆ ಇದರಲ್ಲೊಂದು ಸಿಕ್ಕು ಇದೆ. ಪಾಲಿಕೆಯ ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಕನ್ನಡ, ತಮಿಳು ಅಂತ ಹಲವು ಮಾಧ್ಯಮದ ಶಾಲೆಗಳು ನಡೆಯುವುದು ಮುಂಬಯಿಯ ಪದ್ಧತಿ. ಮರಾಠಿ ಶಾಲೆ ಪಕ್ಕದ ಬೀದಿಯಲ್ಲೇ ಸಿಕ್ಕೀತು. ಕನ್ನಡ ಶಾಲೆಗಳು ಕಡಿಮೆಯಾಗುತ್ತಾ ಬಂದಿವೆ. ಉಳಿದವಕ್ಕೆ ಮಕ್ಕಳು ದೂರದಿಂದ, ಒಂದಲ್ಲ ಎರಡು ನಾಕಾ, ಅಂದರೆ ದೊಡ್ಡ ವೃತ್ತ, ದಾಟಿ ಬರುತ್ತಾರೆ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರ ಮಕ್ಕಳು ಅವರಲ್ಲಿ ಜಾಸ್ತಿ. ಅವರ ಅಪ್ಪ ಅಮ್ಮ ಭಾನುವಾರದ ಮೀಟಿಂಗಿಗೆ ಬರುವುದಿಲ್ಲ. ಭಾನುವಾರವೂ ಅವರಿಗೆ ಕೂಲಿ ಇರುತ್ತದೆ. ಹಾಗಾಗಿ ನಮ್ಮ ಹಾಲ್‌ನಲ್ಲಿ ಗಟ್ಟಿಯಾಗಿ ಮಾತಾಡಿದವರೆಲ್ಲ ಸ್ಕೂಟರ್‌ನವರೇ, ನಾನೂ ಸೇರಿ.

ಹಾಗಾದರೆ ಶಾಲೆಯ ಸುತ್ತ ಕಾನೂನಿನ ಬೇಲಿಯೇ ಇಲ್ಲವಾ? ಬೇಕಾದಷ್ಟಿದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಶಾಲೆಯ ಸುತ್ತ 100 ಮೀಟರ್ ಶಾಂತ ವಲಯದ ಮಾತಿದೆ, ಅಲ್ಲಿ ಹಾರ್ನ್ ಹೊಡೆಯಬಾರದು. 2003ರ ತಂಬಾಕು ಕಾಯ್ದೆಯಂತೆ 100 ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ. 2020ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇನ್ನೊಂದು ಗೆರೆ ಎಳೆಯಿತು: ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು. ಕಿವಿಗೆ, ಶ್ವಾಸಕೋಶಕ್ಕೆ, ಹೊಟ್ಟೆಗೆ ಒಂದೊಂದು ಗೆರೆ. ಮಗುವಿನ ಕಾಲಿಗೆ ಮಾತ್ರ ಇಂಥದೊಂದು ಗೆರೆ, ಇಷ್ಟು ಮೀಟರ್ ಒಳಗೆ ವಾಹನ ತಂದು ನಿಲ್ಲಿಸಬೇಡಿ ಅನ್ನುವಂಥದ್ದು, ಯಾರೂ ಎಳೆದಿಲ್ಲ.

ತಿಳಿವಳಿಕೆಗೆ ಬರಗಾಲ ಇರಲಿಲ್ಲ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ 5ರಿಂದ 12 ವರ್ಷದ ಮಕ್ಕಳ ರಸ್ತೆ ಸುರಕ್ಷತೆಗೆಂದೇ ಒಂದು ಕೈಪಿಡಿ ತಂದಿತ್ತು. ಅದೇ ಸಂಸ್ಥೆಯ ಪ್ರಕಾರ ವಸತಿ ಪ್ರದೇಶದಲ್ಲಿ ಫುಟ್‌ಪಾತ್ ಕಡಿಮೆ ಅಂದರೂ 1.8 ಮೀಟರ್ ಖಾಲಿ ಇರಬೇಕು. ನಮ್ಮ ಗಲ್ಲಿಯ ಫುಟ್‌ಪಾತ್ ನೋಡಿ. ಕಿತ್ತುಬಂದ ಪೇವರ್ ಬ್ಲಾಕ್, ಕರೆಂಟಿನ ಪೆಟ್ಟಿಗೆ, ವಾಚ್‌ಮನ್ ಕುರ್ಚಿ, ಸೊಸೈಟಿಯ ತುಳಸಿ ಕುಂಡ. ಬೈಕು ಹತ್ತದಿರಲಿ ಅಂತ ನೆಟ್ಟ ಸ್ಟೀಲ್ ಕಂಬಗಳು ಬೇರೆ. ಈ ಕಂಬಗಳ ಸಂದಿಯಲ್ಲಿ ಗಾಲಿಕುರ್ಚಿ ತೂರುವುದಿಲ್ಲ ಅನ್ನುವ ದೂರನ್ನು 2023ರಲ್ಲಿ ಬಾಂಬೆ ಹೈಕೋರ್ಟೇ ಕೈಗೆತ್ತಿಕೊಂಡಿತ್ತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಅಡೆತಡೆ ಇಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂದಿತು. ಸುಮ್ನೆ ಅಂದಿದ್ದಲ್ಲ. 2022 ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು.

ಮೀಟಿಂಗಿನಲ್ಲಿ ಎಲ್ಲರಿಗೂ ಒಪ್ಪಿಗೆಯಾದ ಬೇಡಿಕೆ ಒಂದೇ, ಸ್ಪೀಡ್ ಬ್ರೇಕರ್. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಮಾನದಂಡ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವಂಥದ್ದು. ನಮಗೆ ಸಿಗುವುದು ಹಳದಿ-ಕಪ್ಪು ರಬ್ಬರ್ ಪಟ್ಟಿ. ಮೊದಲ ಮಳೆಗೆ ಬೋಲ್ಟ್ ಕಿತ್ತುಕೊಂಡು ಅರ್ಧ ಪಟ್ಟಿ ಹೋಗುತ್ತದೆ, ಉಳಿದರ್ಧ ತಪ್ಪಿಸಲು ಬೈಕಿನವನು ಬದಿಗೆ ಸರಿಯುತ್ತಾನೆ. ಆ ಬದಿಯಲ್ಲೇ ಮಕ್ಕಳು ನಡೆಯುತ್ತಿರುತ್ತಾರೆ. ಮೇಲಾಗಿ, ಆ ಟೆಂಪೊ ವೇಗವಾಗಿ ಬರುತ್ತಿರಲಿಲ್ಲ. ಅದು ರಿವರ್ಸ್‌ನಲ್ಲಿತ್ತು. ಹುಡುಗಿಯನ್ನು ಅದರ ಡ್ರೈವರ್‌ನಿಂದ ಮರೆಮಾಡಿದ್ದು ನಮ್ಮ ಸ್ಕೂಟರ್‌ಗಳು.

ಕೆಲವು ಶಾಲೆಗಳಲ್ಲಿ ಆರ್‌ಎಸ್‌ಪಿ ಮಕ್ಕಳು, ಅಂದರೆ ರೋಡ್ ಸೇಫ್ಟಿ ಪ್ಯಾಟ್ರೋಲ್‌ನವರು, ಸೀಟಿ ಹಿಡಿದು ನಿಲ್ಲುತ್ತಾರೆ. ಚಂದ ಕಾಣುತ್ತದೆ. ಆದರೆ ಹದಿಮೂರು ವರ್ಷದ ಹುಡುಗ ಸೀಟಿ ಊದಿದರೆ ಟ್ಯಾಂಕರ್ ನಿಲ್ಲುತ್ತದಾ?

ಬೈಕಲಾದಲ್ಲಿ 2022ರಲ್ಲಿ ಬೇರೆ ದಾರಿ ಹಿಡಿದು ನೋಡಿದರು. ಮಿರ್ಜಾ ಗಾಲಿಬ್ ಮಾರ್ಗದ ಕ್ರೈಸ್ಟ್ ಚರ್ಚ್ ಶಾಲೆಯ ಹತ್ತಿರ ಪಾಲಿಕೆ, ಟ್ರಾಫಿಕ್ ಪೊಲೀಸ್ ಮತ್ತು ಡಬ್ಲ್ಯುಆರ್‌ಐ ಇಂಡಿಯಾ ಅನ್ನುವ ಸಂಶೋಧನಾ ಸಂಸ್ಥೆ ಸೇರಿ ಸುರಕ್ಷಿತ ಶಾಲಾ ವಲಯದ ಪ್ರಯೋಗ ಮಾಡಿದರು. ರಸ್ತೆಗೆ ಬಣ್ಣ ಬಳಿದು, ಕೋನ್ ಇಟ್ಟು, ಮಕ್ಕಳು ನಡೆಯುವ ಮತ್ತು ಕಾಯುವ ಜಾಗವನ್ನು ವಾಹನದಿಂದ ಬೇರ್ಪಡಿಸಿದರು. ಅದರಲ್ಲಿ ನನಗೆ ಹಿಡಿಸಿದ್ದು ಒಂದು ವಿಷಯ. ಮೊದಲು ಬಣ್ಣದಲ್ಲಿ ಗೆರೆ ಹಾಕಿ ನೋಡುವುದು, ಸಿಮೆಂಟಿನ ಮಾತು ಆಮೇಲೆ. ಟೆಂಡರ್ ಬರಲಿ ಅಂತ ಕಾಯಬೇಕಿಲ್ಲ.

ಎರಡನೇ ಭಾನುವಾರದ ಮೀಟಿಂಗಿನಲ್ಲಿ ಡಬ್ಬಿಯ ಹುಡುಗಿಯ ಅಮ್ಮ ಬಾಯಿ ಬಿಟ್ಟರು. "ಬಸ್ಸಿನ ಸಮಿತಿ ಇದೆಯಲ್ಲ ಸರ್, ಅದರಲ್ಲೇ ನಡೆಯೋ ಮಕ್ಕಳ ವಿಷಯಾನೂ ಹಾಕಿ. ಎಲ್ಲರೂ ಅಲ್ಲೇ ಇರ್ತಾರಲ್ಲ." ಮುಖ್ಯೋಪಾಧ್ಯಾಯರು ಬರೆದುಕೊಂಡರು. ಮತ್ತೆ ಆ ಅಮ್ಮನೇ, "ಅಲ್ಲಿವರೆಗೆ ಸ್ಕೂಟರ್‌ನವರು 100 ಮೀಟರ್ ಆಚೆ ಮಕ್ಕಳನ್ನ ಇಳಿಸಿ ನೋಡ್ರಿ" ಅಂದರು. ಗಲಾಟೆ ಎದ್ದಿತು. ಮಳೆ ಬಂದರೆ? ಚೀಲದ ಭಾರ? ಹೊತ್ತಾದರೆ? ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ, ನಡೆದು ಬರುವ ಮಕ್ಕಳಿಗೆ ದಿನಾ ಇರುವ ಪ್ರಶ್ನೆಗಳು. ಕೊನೆಗೆ ಎರಡು ವಾರ ನೋಡೋಣ ಅಂತಾಯಿತು.

100 ಮೀಟರ್ ಎಲ್ಲಿಗೆ ಬರುತ್ತದೆ ಅಂತ ಅಳೆಯಲು ಮಂಟಪ ಕಟ್ಟುವವರ ಹತ್ತಿರ ಟೇಪ್ ತಂದೆವು. ಗೇಟಿನಿಂದ ಹಿಡಿದುಕೊಂಡು ಹೊರಟರೆ ಮೂಲೆಯ ಪಾನ್ ಅಂಗಡಿಯವನು ನಕ್ಕ. ಅವನ ಗಾಡಿ ಮೊದಲು ಗೇಟಿನ ಎದುರೇ ಇತ್ತು, ತಂಬಾಕು ಕಾಯ್ದೆಯಿಂದ ಎಬ್ಬಿಸಿದ್ದರು. "ಸಾಬ್, ಟೇಪ್ ಯಾಕೆ? ನನ್ನನ್ನು ಕೇಳಿ," ಅಂತ ಹಿಂದಿಯಲ್ಲಿ ಅಂದು ಕಾಲಲ್ಲಿ ಗೆರೆ ತೋರಿಸಿದ. ಗಜದ ಲೆಕ್ಕ ಅವನದು, ಸುಮಾರು 91 ಮೀಟರ್. ನಾವು ಇನ್ನೊಂಬತ್ತು ಮೀಟರ್ ಮುಂದೆ ಹೋಗಿ ಚಾಕ್‌ಪೀಸಿನಲ್ಲಿ ಅಡ್ಡ ಗೆರೆ ಎಳೆದೆವು.

ಸೋಮವಾರ ಆ ಗೆರೆಯ ಹತ್ತಿರ ಸ್ಕೂಟರ್ ನಿಲ್ಲಿಸಿ ಮಗಳನ್ನು ಇಳಿಸಿದೆ. ಅವಳು ಗೇಟು ಮುಟ್ಟುವವರೆಗೆ ನೋಡುತ್ತಾ ನಿಂತೆ. ಅಷ್ಟರಲ್ಲಿ ಮೂರು ಸ್ಕೂಟರ್ ನನ್ನನ್ನು ದಾಟಿ ಗೇಟಿನ ತನಕ ಹೋದವು. ಎರಡು ನನ್ನ ಹಿಂದೆ ಬಂದು ನಿಂತವು.